ಪಾತ್ರೆ ತೊಳೆಯಲು ಅಂಟುವಾಳ: ಇಡೀ ಕಾಯಿಯೋ, ಪುಡಿಯೋ, ಇಲ್ಲಾ ಒಲೆಯ ಬೂದಿಯೋ?

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಪಾತ್ರೆ ತೊಳೆದ ನೀರು ನೇರ ಬಸಳೆ ಚಪ್ಪರದ ಬುಡಕ್ಕೆ ಹೋಗುತ್ತದೆ. ಆ ಸೊಪ್ಪನ್ನೇ ನಾವು ಉಣ್ಣುವುದು. ಹಾಗಾಗಿ ಲಿಕ್ವಿಡ್ ಸೋಪು ಬಿಟ್ಟು ಬೇರೆ ದಾರಿ ಹುಡುಕಿದೆ. ಗೆದ್ದದ್ದು ಅಂಟುವಾಳದ ಇಡೀ ಕಾಯಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆದರೆ ಮೊದಲು ಕೊಂಡದ್ದು ಅದರ ರೆಡಿಮೇಡ್ ಪುಡಿ. ಬೇಸಿಗೆಯಲ್ಲಿ ತೊಂದರೆ ಕಾಣಲಿಲ್ಲ. ಮಳೆ ಹಿಡಿದದ್ದೇ ತಡ, ಡಬ್ಬಿಯೊಳಗೆ ಬೆಲ್ಲದಚ್ಚಿನ ಹಾಗೆ ಗಟ್ಟಿಯಾಯಿತು, ಚಮಚದಲ್ಲಿ ಕೆರೆಯಬೇಕು.

ಕೆರೆದದ್ದೂ ಪೂರ್ತಿ ಕರಗುವುದಿಲ್ಲ. ನೀರಿಗೆ ಬಿಡುವುದು ಮುಖ್ಯವಾಗಿ ಸಿಪ್ಪೆಯೊಳಗಿನ ಸಪೋನಿನ್ ಎಂಬ ನೊರೆ ಬರಿಸುವ ಅಂಶ, ನಾರು ಹಾಗೇ ಉಳಿಯುತ್ತದೆ. ಆ ಚರಟ ಲೋಟದ ಕಂಠದಲ್ಲಿ, ಇಡ್ಲಿ ತಟ್ಟೆಯ ತೂತಿನಲ್ಲಿ ಕೂರುತ್ತದೆ. ಬೆಳಿಗ್ಗೆ ಕಾಫಿಯಲ್ಲಿ ಕಂದು ಕಣ. ನಾಲಿಗೆಗೆ ಸಿಕ್ಕಿತೋ ವಿಪರೀತ ಕಹಿ. ಬಟ್ಟೆಯಲ್ಲಿ ಗಂಟು ಕಟ್ಟಿ ನೆನೆಸಿ ನೋಡಿದೆ. ನಯವಾದ ಪುಡಿ ಬಟ್ಟೆಯಿಂದಲೂ ಜಾರಿ ಬಂತು. ಮತ್ತೆ ಮತ್ತೆ ಜಾಲಿಸಿ ಬಾವಿ ನೀರೇ ಹೆಚ್ಚು ಖರ್ಚಾದರೆ ಬಂದ ಲಾಭವೇನು? ಬೆಲೆಯೂ ಕಾಯಿಗಿಂತ ಜಾಸ್ತಿ.

ಬಚ್ಚಲೊಲೆಯ ಬೂದಿ ಬಿಟ್ಟಿ. ಜರಡಿ ಹಿಡಿದು ತೆಂಗಿನ ನಾರಿನಲ್ಲಿ ಉಜ್ಜಿದರೆ ಸೀದ ತಳವೂ ಬಿಡುತ್ತದೆ. ಬೂದಿಯ ಕ್ಷಾರ ಜಿಡ್ಡನ್ನೇ ಸೋಪಾಗಿಸುತ್ತದೆ. ಅದೇ ಕ್ಷಾರಕ್ಕೆ ಅಲ್ಯುಮಿನಿಯಂ ಕಪ್ಪಾಗುತ್ತದೆ, ದಿನಾ ಬಳಸಿದರೆ ಕೈ ಒಡೆಯುತ್ತದೆ. ಪ್ಲಾಸ್ಟಿಕ್ ಸುಟ್ಟ ಒಲೆಯ ಬೂದಿ ಬೇಡವೇ ಬೇಡ.

ತಾಮ್ರ, ಹಿತ್ತಾಳೆಗೆ ವಾಟೆಕಾಯಿಯ ಹುಳಿ. ಅಲ್ಲಿ ಪೈಪೋಟಿಯೇ ಇಲ್ಲ.

ಇಡೀ ಕಾಯಿಯಾದರೆ ಬೀಜ ತೆಗೆದು ಸಿಪ್ಪೆಯನ್ನು ರಾತ್ರಿ ನೆನೆಹಾಕುತ್ತೇನೆ. ಬೆಳಿಗ್ಗೆ ಕುದಿಸಿ, ಕಿವುಚಿ, ಸೋಸಿದರೆ ಆಯಿತು, ಚರಟದ ಕಾಟವಿಲ್ಲ. ನೊರೆ ಕಡಿಮೆ, ಆದರೂ ಜಿಡ್ಡು ಹೋಗುತ್ತದೆ. ಎಣ್ಣೆ ಬಾಣಲೆಗೆ ಮಾತ್ರ ಬಿಸಿಬಿಸಿ ಹಾಕಬೇಕು. ಈ ನೀರು ಬೇಗ ಹುಳಿಯುವುದರಿಂದ ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳುವುದು ಒಳ್ಳೆಯದು. ಸಿಪ್ಪೆಯನ್ನು ಬೇಸಿಗೆಯ ಬಿಸಿಲಲ್ಲಿ ಗರಿಗರಿ ಒಣಗಿಸಿ, ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದೇನೆ. ಆಷಾಢದ ಮಳೆಗೂ ಬೂಸಲು ಹಿಡಿದಿಲ್ಲ.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು. ಸಪೋನಿನ್ ಮೀನಿಗೆ ವಿಷ, ಅದರ ಪೆಟ್ಟು ಬೀಳುವುದೇ ಕಿವಿರಿಗೆ. ಚಿಬ್ಬಲಗುಡ್ಡೆಯ ಮತ್ಸ್ಯಧಾಮದಲ್ಲಿ ದೇವರ ಮೀನೆಂದು ಮಂಡಕ್ಕಿ ಹಾಕುವ ನಾವು, ಗಿಡದಿಂದ ಬಂದದ್ದಲ್ಲವೇ ಎಂದು ಅಂಟುವಾಳದ ನೀರನ್ನು ಹಳ್ಳಕ್ಕೋ ತುಂಗೆಗೋ ಬಿಡಬಾರದು. ಮಣ್ಣಿಗೇ ಬಿಡಬೇಕು, ಮಣ್ಣು ಅದನ್ನು ಅರಗಿಸಿಕೊಳ್ಳುತ್ತದೆ.

ನೆಂಟರ ತೋಟದಲ್ಲಿ ಮರವಿದೆ, ಮನೆಯಲ್ಲಿ ದಿನಾ ಒಲೆ ಉರಿಯುತ್ತದೆ. ಹಾಗಾಗಿ ನನಗೆ ನಿತ್ಯಕ್ಕೆ ಕಾಯಿ, ಸೀದ ತಳಕ್ಕೆ ಬೂದಿ. ಶಿವಮೊಗ್ಗ ಪೇಟೆಯವರು ಗ್ರಂಧಿಗೆ ಅಂಗಡಿಯಲ್ಲಿ ಇಡೀ ಕಾಯಿಯನ್ನೇ ಕೇಳಿ, ಅಲ್ಲಾಡಿಸಿ ನೋಡಿ. ಒಳಗೆ ಬೀಜ ಗಲಗಲ ಅಂದರೆ ಚೆನ್ನಾಗಿ ಒಣಗಿದೆ.