ಆರ್‌ಎಕ್ಸ್ 100ಕ್ಕೆ ಟೇಪರ್ ರೋಲರ್ ಕೋನ್ ಸೆಟ್: ಬೇರಿಂಗ್ ಗಟ್ಟಿ, ಸೀಲ್ ಅಷ್ಟಕ್ಕಷ್ಟೇ

1985ರಿಂದ 1996ರವರೆಗೆ ತಯಾರಾದ ಯಮಹಾ ಆರ್‌ಎಕ್ಸ್ 100ರ ಹ್ಯಾಂಡಲ್ ತಿರುಗುವುದು ಬಿಡಿ ಉಕ್ಕಿನ ಬಾಲ್‌ಗಳ ಮೇಲೆ. ಈ ಬಾಲ್‌ಗಳು, ಅವನ್ನು ಹಿಡಿದಿಡುವ ಕಪ್, ಕೋನ್ ಎಂಬ ಉಂಗುರಗಳು ಸೇರಿದ್ದೇ ಕೋನ್ ಸೆಟ್. ಗಾಡಿ ಹೆಚ್ಚಾಗಿ ನೇರಕ್ಕೇ ಓಡುವುದರಿಂದ ರಸ್ತೆಗುಂಡಿಗಳ ಪೆಟ್ಟೆಲ್ಲ ರೇಸಿನ (ಬಾಲ್ ಉರುಳುವ ಹಾದಿಯ) ಒಂದೇ ಜಾಗಕ್ಕೆ ಬಿದ್ದು ಅಲ್ಲಿ ಸಣ್ಣ ಕುಳಿಗಳಾಗುತ್ತವೆ. ಹ್ಯಾಂಡಲ್ ನಡುವಿಗೆ ಬಂದಾಗ 'ಟಕ್' ಎಂದು ಕೂರುವುದು ಇದರಿಂದಲೇ. ಗ್ರೀಸ್ ಹಾಕಿದರೆ ಹೋಗುವ ಕಾಯಿಲೆಯಲ್ಲ, ಸೆಟ್ಟೇ ಬದಲಾಗಬೇಕು. ಬಾಲ್ ಬದಲು ಒಂದು ತುದಿ ಕಿರಿದಾದ ಉರುಳೆಗಳಿರುವ ಟೇಪರ್ ರೋಲರ್‌ನಲ್ಲಿ ಭಾರ ರೋಲರ್‌ನ ಉದ್ದಕ್ಕೂ ಹಂಚಿಹೋಗುತ್ತದೆ, ಕುಳಿ ಬೀಳುವುದು ಬಹಳ ತಡ.

ಕೊಳ್ಳುವ ಮೊದಲು ತಪ್ಪು ಕೋನ್‌ನದ್ದೇ ಎಂದು ಖಾತ್ರಿ ಮಾಡಿಕೊಳ್ಳಿ. ಎಂಜಿನ್ ಕೆಳಗೆ ಮರದ ದಿಮ್ಮಿ ಕೊಟ್ಟು ಮುಂದಿನ ಚಕ್ರ ಎತ್ತಿ, ಫೋರ್ಕಿನ ಕೆಳತುದಿ ಹಿಡಿದು ಹಿಂದಕ್ಕೂ ಮುಂದಕ್ಕೂ ಅಲುಗಿಸಿ. ಇನ್ನೊಬ್ಬರು ಚಾಸಿಗೂ ಫೋರ್ಕ್ ಬ್ರಿಡ್ಜ್‌ಗೂ (ಫೋರ್ಕಿನ ಎರಡು ಕಾಲುಗಳನ್ನು ಜೋಡಿಸುವ ಅಡ್ಡಪಟ್ಟಿ) ನಡುವಿನ ಸಂದಿಗೆ ಬೆರಳಿಟ್ಟಿರಲಿ. ಆಟ ಅಲ್ಲಿ ತಿಳಿದರೆ ಕೋನ್. ಅಲ್ಲಿ ಏನೂ ಇಲ್ಲದೆ ಫೋರ್ಕಿನ ಕೊಳವೆಗಳ ನಡುವೆ ಅಲುಗಾಟವಿದ್ದರೆ ಸವೆದಿರುವುದು ಫೋರ್ಕ್, ಈ ಸೆಟ್‌ನಿಂದ ಪ್ರಯೋಜನವಿಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದರೂ ಆನ್‌ಲೈನಿನಲ್ಲಿ ತರಿಸಿದರೂ ವರ್ನಿಯರ್ ಹಿಡಿದು ಅಳೆಯದೆ ಹಾಕಬೇಡಿ. ಹಳೆಯ ಕಪ್, ಬಾಲ್, ಕೋನ್ ಒಟ್ಟಿಗೆ ಜೋಡಿಸಿದ ಎತ್ತರಕ್ಕೂ ಹೊಸ ಬೇರಿಂಗಿನ ಎತ್ತರಕ್ಕೂ ಹೋಲಿಸಿ. ಹೊಸದು ಎರಡು ಮಿಲಿಮೀಟರ್ ಎತ್ತರವಿದ್ದರೂ ಮೇಲಿನ ನಟ್ಟಿಗೆ ಪೂರ್ತಿ ಥ್ರೆಡ್ ಸಿಗದೆ ಹೋಗಬಹುದು. ಸೆಟ್ಟಿನಲ್ಲಿ ನಿಜಕ್ಕೂ ಸಪ್ಪೆ ಎಂದರೆ ಕೆಳಗಿನ ಡಸ್ಟ್ ಸೀಲ್. ತೆಳ್ಳಗಿನ ರಬ್ಬರು, ತುಟಿ ಸರಿಯಾಗಿ ಒತ್ತಿ ಕೂರುವುದಿಲ್ಲ. ಮುಂದಿನ ಚಕ್ರ ಎರಚುವ ಕೆಸರುನೀರು ಮೊದಲು ಸೇರುವುದು ಅಲ್ಲಿಗೇ. ಅದೇ ಅಳತೆಯ ಒಳ್ಳೆಯ ಸೀಲ್ ಬೇರೆ ಕೊಂಡು ಹಾಕುವುದು ವಾಸಿ.

ಚಾಸಿಯ ಹಳೆಯ ಕಪ್‌ಗಳನ್ನು ಎದುರು ಬದಿಯಿಂದ ಉದ್ದನೆಯ ರಾಡಿನಲ್ಲಿ, ಎಡಕ್ಕೊಂದು ಬಲಕ್ಕೊಂದು ಪೆಟ್ಟು ಕೊಟ್ಟು ಇಳಿಸಿ. ಹೊಸದನ್ನು ಕೂರಿಸಲು ಹಳೆಯ ಕಪ್ಪೇ ಸಾಧನ. ಅದರ ಉಂಗುರವನ್ನು ಒಂದು ಕಡೆ ಗ್ರೈಂಡರಿನಿಂದ ಅಡ್ಡಲಾಗಿ ಸೀಳಿಕೊಂಡರೆ ಒಳಗೆ ಸಿಕ್ಕಿಕೊಳ್ಳದು. ಕಪ್ ಪೂರ್ತಿ ಕೂತಾಗ ಸುತ್ತಿಗೆಯ ಸದ್ದು ಮೊಂಡುತನ ಬಿಟ್ಟು ಖಣಿ ಎನ್ನುತ್ತದೆ. ಕೆಳಗಿನ ಬೇರಿಂಗನ್ನು ಸ್ಟೆಮ್‌ಗೆ (ಚಾಸಿಯೊಳಗೆ ತಿರುಗುವ ಫೋರ್ಕಿನ ದಂಡ) ಇಳಿಸುವುದೇ ಕಷ್ಟದ ಕೆಲಸ. ಸ್ಟೆಮ್ಮನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು, ಬೇರಿಂಗನ್ನು ಸುಮಾರು 100 ಡಿಗ್ರಿಯ ಎಣ್ಣೆಯಲ್ಲಿ ಬಿಸಿಮಾಡಿ ಜಾರಿಸಿ. ಪೈಪಿನಿಂದ ಬಡಿಯಬೇಕಾಗಿ ಬಂದರೆ ಪೆಟ್ಟು ಒಳರಿಂಗಿನ ಮೇಲಷ್ಟೇ ಬೀಳಲಿ. ರೋಲರ್‌ಗಳನ್ನು ಹಿಡಿದಿಡುವ ಕೇಜ್ ಒಮ್ಮೆ ನೆಗ್ಗಿತೋ, ಬೇರಿಂಗ್ ಗುಜರಿಗೆ. ತಣ್ಣಗಾದ ಮೇಲೆ ಲಿಥಿಯಂ ಗ್ರೀಸನ್ನು ಅಂಗೈಯಲ್ಲಿಟ್ಟು, ರೋಲರ್‌ಗಳ ಸಂದಿಯಿಂದ ಇನ್ನೊಂದು ಬದಿಗೆ ಹೊರಬರುವವರೆಗೂ ಒತ್ತಿ ತುಂಬಬೇಕು.

ಈ ಸೆಟ್ ಬಗ್ಗೆ ಬರುವ ದೂರುಗಳಲ್ಲಿ ಹೆಚ್ಚಿನವು ಬಿಗಿಯಲ್ಲಿ ಮಾಡುವ ತಪ್ಪಿನಿಂದ. ಬೇರಿಂಗ್ ಮೇಲಿನ ನಟ್ಟನ್ನು ಸಿ-ಸ್ಪ್ಯಾನರ್‌ನಲ್ಲಿ (ಕೊಕ್ಕೆಯಾಕಾರದ ಪಾನಾ) ತುಸು ಗಟ್ಟಿಯಾಗೇ ಬಿಗಿದು, ಹ್ಯಾಂಡಲನ್ನು ಈ ಕೊನೆಯಿಂದ ಆ ಕೊನೆಗೆ ಐದಾರು ಸಲ ತಿರುಗಿಸಿ, ನಟ್ ಸಡಿಲಿಸಿ, ಆಮೇಲೆ ಆಟ ಹೋಗುವಷ್ಟೇ ಬಿಗಿಯಿರಿ. ಕ್ಲಚ್, ಆಕ್ಸಿಲರೇಟರ್ ಕೇಬಲ್‌ಗಳು ಎಳೆಯದಂತೆ ಬಿಡಿಸಿಟ್ಟು, ನಡುವಿನಿಂದ ಬೆರಳಲ್ಲಿ ತುಸು ನೂಕಿದರೆ ಹ್ಯಾಂಡಲ್ ತಾನಾಗಿ ನಿಧಾನಕ್ಕೆ ಪಕ್ಕಕ್ಕೆ ಬೀಳಬೇಕು. ಅತಿಯಾಗಿ ಬಿಗಿದರೆ ನಿಧಾನ ವೇಗದಲ್ಲಿ ಗಾಡಿ ಹಾವಿನಂತೆ ಎಡಬಲ ತೂಗುತ್ತದೆ. ಮೇಲಿನ ದೊಡ್ಡ ನಟ್ ಬಿಗಿದಾಗ ಹೊಂದಿಸಿದ ಬಿಗಿ ಬದಲಾಗುವುದರಿಂದ ಇನ್ನೊಮ್ಮೆ ಪರೀಕ್ಷಿಸಿ, 200-300 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ.

ಹೇಗೂ ಫೋರ್ಕ್ ಕೆಳಗಿಳಿದಿರುತ್ತದೆ, ಅದರ ಆಯಿಲ್ ಸೀಲ್ ಕೂಡ ಬದಲಾಯಿಸಿಬಿಡಿ. ಆದರೆ ಫೋರ್ಕ್ ಪೈಪಿನ ಮೇಲೆ ಸೀಲ್ ಓಡಾಡುವ ಜಾಗದಲ್ಲಿ ಕ್ರೋಮ್ ಎದ್ದು ತುಕ್ಕಿನ ಕುಳಿಗಳಿದ್ದರೆ ಎಂಥ ಸೀಲೂ ನಿಲ್ಲದು. ಹಾರ್ಡ್ ಕ್ರೋಮ್ ಮಾಡಿಸಬೇಕು, ಇಲ್ಲವೇ ಹೊಸ ಪೈಪು.

ವಾರಕ್ಕೊಮ್ಮೆ ಹೊರತೆಗೆಯುವ ಗಾಡಿಗೆ ಹೊಸ ಬಾಲ್ ಸೆಟ್ಟೇ ಧಾರಾಳ ಸಾಕು. ಬಿಚ್ಚುವುದೂ ಸುಲಭ. ದಿನಾ ಹಳ್ಳಕೊಳ್ಳದ ದಾರಿಯಲ್ಲಿ ಓಡುವ ಗಾಡಿಗೆ ಟೇಪರ್ ಸೆಟ್ ಕೊಟ್ಟ ದುಡ್ಡಿಗೆ ಮೋಸವಿಲ್ಲ, ಆ ಸೀಲೊಂದನ್ನು ಬಿಟ್ಟು.