ಏರ್‌ಪೋರ್ಟ್‌ನಿಂದ ಮೆಜೆಸ್ಟಿಕ್‌ಗೆ ವಾಯು ವಜ್ರ: ಕೊಡಗಿನವರ ಲೆಕ್ಕದಲ್ಲಿ ಒಂದು ವಿಮರ್ಶೆ

ಕೊಡಗಿಗೆ ವಿಮಾನ ನಿಲ್ದಾಣವಿಲ್ಲ, ರೈಲೂ ಇಲ್ಲ. ಬೆಂಗಳೂರಲ್ಲಿ ಇಳಿದವರು ‘ಇನ್ನೇನು ಮನೆ ಬಂತು’ ಅಂದುಕೊಳ್ಳುವ ಹೊತ್ತಿಗೆ ನಮಗೆ ಇನ್ನೂ ಇನ್ನೂರೈವತ್ತು ಕಿಲೋಮೀಟರ್‌ಗಿಂತ ಜಾಸ್ತಿ ದಾರಿ ಬಾಕಿ ಇರುತ್ತದೆ. ಆದ್ದರಿಂದ ಬಿಎಂಟಿಸಿಯ ಏರ್‌ಪೋರ್ಟ್ ಬಸ್ಸಾದ ವಾಯು ವಜ್ರವನ್ನು ನಾನು ಬೆಂಗಳೂರಿನವರ ಹಾಗೆ ನೋಡುವುದಿಲ್ಲ. ಅದು ಮೆಜೆಸ್ಟಿಕ್‌ಗೆ ಎಷ್ಟು ಹೊತ್ತಿಗೆ ಮುಟ್ಟಿಸುತ್ತದೆ, ಅಲ್ಲಿಂದ ಮಡಿಕೇರಿ ಬಸ್ ಸಿಗುತ್ತದಾ, ಇಷ್ಟೇ ನನ್ನ ಲೆಕ್ಕ.

ನಮ್ಮ ಮನೆ ಸುಂಟಿಕೊಪ್ಪದ ಹತ್ತಿರ. ಕೆಲಸದ ಮೇಲೆ ವಿಮಾನದ ಓಡಾಟ ಶುರುವಾದ ಮೇಲೆ ಕೆಲವು ವರ್ಷಗಳಿಂದ ಇದೇ ಬಸ್ಸು. ಮಧ್ಯೆ ಟ್ಯಾಕ್ಸಿಯನ್ನೂ ನೋಡಿದ್ದೇನೆ. ಮತ್ತೆ ಬಸ್ಸಿಗೇ ಬಂದಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಏರ್‌ಪೋರ್ಟ್ ಬಸ್ಸುಗಳ ನಂಬರ್ ಕೆಐಎ ಅಂತ ಶುರುವಾಗುತ್ತದೆ. ಮೆಜೆಸ್ಟಿಕ್‌ಗೆ ಹೋಗುವುದು ಕೆಐಎ 9. ಸಾದಹಳ್ಳಿ ಟೋಲ್, ಹೆಬ್ಬಾಳ, ಮೇಖ್ರಿ ಸರ್ಕಲ್ ದಾಟಿ ಕೆಂಪೇಗೌಡ ಬಸ್ ನಿಲ್ದಾಣ ಸೇರುತ್ತದೆ. ಎಸಿ ಬಸ್. ಟಿಕೆಟ್ ಒಳಗೆ ಕಂಡಕ್ಟರ್ ಹತ್ತಿರವೇ ಸಿಗುತ್ತದೆ, ಫೋನ್‌ನಲ್ಲಿ ಸ್ಕ್ಯಾನ್ ಮಾಡಿಯೂ ದುಡ್ಡು ಕೊಡಬಹುದು. 2023ರ ಸೆಪ್ಟೆಂಬರ್‌ನಿಂದ ಹೊರದೇಶದ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ಗೆ ಹೋಗಿವೆ. ದುಬೈಯಿಂದಲೋ ಮಸ್ಕತ್‌ನಿಂದಲೋ ಬರುವ ನಮ್ಮೂರ ಹುಡುಗರು ಹಳೇ ಟರ್ಮಿನಲ್‌ನ ಗುರುತು ಹಿಡಿದು ಹುಡುಕಬೇಡಿ. ಹೊರಗೆ ಬಂದು ಬಸ್ ಅಂತ ಬರೆದ ಬೋರ್ಡ್ ಹಿಡಿದು ನಡೆದರೆ ಸಾಕು. ‘ಎಲ್ಲಿಗೆ ಸಾರ್, ಟ್ಯಾಕ್ಸಿ ಬೇಕಾ’ ಅಂತ ದಾರಿಯಲ್ಲಿ ಕೇಳುವವರಿಗೆ ಉತ್ತರವನ್ನೇ ಕೊಡಬೇಡಿ.

ಇನ್ನು ಮುಖ್ಯ ವಿಷಯ, ಹೊತ್ತು. ಈ ಬಸ್ ಚೆನ್ನಾಗಿದೆಯಾ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ‘ನಿಮ್ಮ ವಿಮಾನ ಎಷ್ಟು ಗಂಟೆಗೆ ಇಳಿಯುತ್ತದೆ’ ಅಂತ. ರಾತ್ರಿ ಎಂಟರ ಸುಮಾರಿಗೆ ಇಳಿಯುವ ವಿಮಾನ ಕೊಡಗಿನವರಿಗೆ ಹೇಳಿ ಮಾಡಿಸಿದ್ದು. ಬ್ಯಾಗ್ ಎತ್ತಿಕೊಂಡು ಒಂಬತ್ತರ ಹೊತ್ತಿಗೆ ಬಸ್ ಹತ್ತಿದರೆ ಹೆಬ್ಬಾಳದ ಗದ್ದಲ ಇಳಿದಿರುತ್ತದೆ, ಹತ್ತು ಕಾಲಿಗೆಲ್ಲ ಮೆಜೆಸ್ಟಿಕ್. ಅಲ್ಲಿ ಏನಾದರೂ ತಿಂದು ರಾತ್ರಿ ಬಸ್ ಹಿಡಿದರೆ ಬೆಳಗಾಗುವ ಮೊದಲು ಕುಶಾಲನಗರ. ಅದೇ ಸಂಜೆ ಐದಕ್ಕೆ ಇಳಿದಿರೋ, ಹೆಬ್ಬಾಳ ಮೇಲ್ಸೇತುವೆ ಹತ್ತಿರ ಕೂತು ಮುಂದಿನ ಕಾರಿನ ನಂಬರ್ ಬಾಯಿಪಾಠ ಮಾಡಿಕೊಳ್ಳಿ. ಅಲ್ಲಿ ಟ್ಯಾಕ್ಸಿಯೂ ನಿಂತಿರುತ್ತದೆ, ಬಸ್ಸೂ ನಿಂತಿರುತ್ತದೆ. ವ್ಯತ್ಯಾಸ ಅಂದರೆ ಬಸ್ಸಿನಲ್ಲಿ ಕಡಿಮೆ ದುಡ್ಡಿಗೆ ನಿಂತಿರುತ್ತೀರಿ. ನಡುರಾತ್ರಿ ಇಳಿದರೂ ಕೆಐಎ 9 ಇದೆ, ಆದರೆ ಹಗಲಿನಷ್ಟು ಬೇಗಬೇಗ ಬರುವುದಿಲ್ಲ.

ಮೆಜೆಸ್ಟಿಕ್‌ನಲ್ಲಿ ಇಳಿದ ಮೇಲೆ ಒಂದು ಗಂಟು ಇದೆ. ಮೈಸೂರು, ಮಡಿಕೇರಿ, ವಿರಾಜಪೇಟೆ ಕಡೆಯ ಹೆಚ್ಚಿನ ಬಸ್ಸುಗಳು ಹೊರಡುವುದು ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ. ಹಗಲಾದರೆ ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗದ ಮೆಟ್ರೋ ಹತ್ತಿ ದೀಪಾಂಜಲಿ ನಗರದಲ್ಲಿ ಇಳಿಯಿರಿ, ಅಲ್ಲಿಂದ ನಡೆದೇ ಹೋಗಬಹುದು. ಆದರೆ ಮೆಟ್ರೋದಲ್ಲಿ ಸಾಮಾನಿಗೆ ಅಳತೆ ಉಂಟು, ದೊಡ್ಡ ಸೂಟ್‌ಕೇಸ್ ತಂದವರಿಗೆ ಕಿರಿಕಿರಿ. ತಡರಾತ್ರಿಯಾದರೆ ಆಟೋ. ಒಮ್ಮೆ ಒಬ್ಬ ಆಟೋದವ ಸ್ಯಾಟಲೈಟ್‌ಗೆ ಕೇಳಿದ ದುಡ್ಡು ಏರ್‌ಪೋರ್ಟ್‌ನಿಂದ ಮೆಜೆಸ್ಟಿಕ್‌ಗೆ ಬಂದ ಬಸ್ ಟಿಕೆಟ್‌ಗಿಂತ ಜಾಸ್ತಿ ಇತ್ತು! ಕೆಎಸ್‌ಆರ್‌ಟಿಸಿ ಟಿಕೆಟ್ ಮುಂಚೆಯೇ ಬುಕ್ ಮಾಡುವವರು ಹತ್ತುವ ಜಾಗ ಯಾವುದು ಅಂತ ಸರಿಯಾಗಿ ನೋಡಿಕೊಳ್ಳಿ.

‘ಇಷ್ಟೆಲ್ಲ ಯಾಕೆ, ಫ್ಲೈಬಸ್ ಇದೆಯಲ್ವಾ’ ಅನ್ನುತ್ತೀರಿ. ಇದೆ. ಕೆಎಸ್‌ಆರ್‌ಟಿಸಿಯ ಈ ಬಸ್ ಏರ್‌ಪೋರ್ಟ್‌ನಿಂದಲೇ ಮೈಸೂರಿಗೆ ಹೋಗುತ್ತದೆ, ಮಡಿಕೇರಿಗೂ ಬಿಟ್ಟಿದ್ದಾರೆ. ಹೊತ್ತು ಹೊಂದಿದರೆ ಕಣ್ಣು ಮುಚ್ಚಿ ಅದನ್ನೇ ಹಿಡಿಯಿರಿ, ವಯಸ್ಸಾದವರು ಜೊತೆಗಿದ್ದರಂತೂ ಅದೇ ಸರಿ. ಹೊಂದದಿದ್ದರೆ ಅದಕ್ಕಾಗಿ ಏರ್‌ಪೋರ್ಟ್‌ನಲ್ಲಿ ಗಂಟೆಗಟ್ಟಲೆ ಕೂತು ಮುನ್ನೂರು ರೂಪಾಯಿಯ ಕಾಫಿ ಕುಡಿಯುವುದು ಕಾಫಿ ಬೆಳೆಯುವ ನಮ್ಮಂಥವರ ಕೈಲಿ ಆಗುವ ಕೆಲಸವಲ್ಲ.

ಕಣ್ಣೂರು, ಮಂಗಳೂರು ಹತ್ತಿರವಲ್ವಾ ಅಂತಲೂ ಕೇಳುತ್ತಾರೆ. 2018ರ ಡಿಸೆಂಬರ್‌ನಲ್ಲಿ ಕಣ್ಣೂರು ನಿಲ್ದಾಣ ಶುರುವಾದ ಮೇಲೆ ವಿರಾಜಪೇಟೆಯವರಿಗೆ ಮಾಕುಟ್ಟ ಘಾಟಿ ಇಳಿದರೆ ಅದೇ ಹತ್ತಿರ, ನಿಜ. ಆದರೆ ಎರಡೂ ಕಡೆ ಘಾಟಿ ದಾರಿ. 2018ರ ಆಗಸ್ಟ್ ಮಳೆಯಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಕುಸಿದು ಮಂಗಳೂರು ದಾರಿ ಬಂದ್ ಆಗಿದ್ದು ಯಾರಿಗೂ ಮರೆತಿಲ್ಲ. ಮಳೆಗಾಲದಲ್ಲಿ ನಾನು ಬೆಂಗಳೂರನ್ನೇ ನೆಚ್ಚುತ್ತೇನೆ.

ದುಡ್ಡಿನ ಮಾತು. ಒಬ್ಬರೇ ಇದ್ದರೆ ಟ್ಯಾಕ್ಸಿ ಬಾಡಿಗೆಯ ಮೂರನೇ ಒಂದು ಭಾಗದೊಳಗೆ ಕೆಲಸ ಮುಗಿಯುತ್ತದೆ. ನಾಲ್ಕು ಜನ, ನಾಲ್ಕು ಪೆಟ್ಟಿಗೆ ಅಂದರೆ ಟ್ಯಾಕ್ಸಿಯೇ ವಾಸಿ, ಸುಮ್ನೆ ಹಟ ಬೇಡ. ಶಕ್ತಿ ಯೋಜನೆ ವಾಯು ವಜ್ರಕ್ಕೆ ಅನ್ವಯಿಸುವುದಿಲ್ಲ. ಆದರೆ ಸ್ಯಾಟಲೈಟ್‌ನಿಂದ ಮುಂದೆ ಸಾಮಾನ್ಯ ಕೆಂಪು ಬಸ್ ಹತ್ತುವ ಹೆಂಗಸರಿಗೆ ಆಧಾರ್ ತೋರಿಸಿದರೆ ಟಿಕೆಟ್ ಉಚಿತ. ರಾಜಹಂಸ, ಐರಾವತಕ್ಕೆ ಅದೂ ಇಲ್ಲ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಕಳೆದಿದ್ದು ಸ್ಯಾಟಲೈಟ್ ಗಂಟಿಗೆ. ಸಣ್ಣಪುಟ್ಟದ್ದು ಇನ್ನೂ ಉಂಟು. ಒಳಗೆ ಶೌಚಾಲಯವಿಲ್ಲ, ಹತ್ತುವ ಮೊದಲೇ ಮುಗಿಸಿಕೊಳ್ಳಿ. ಎಸಿ ಚೆನ್ನಾಗಿಯೇ ಕೊರೆಯುತ್ತದೆ, ಆದರೆ ಮಡಿಕೇರಿ ಚಳಿ ಕಂಡವರಿಗೆ ಅದೇನು ಮಹಾ.

ಊರಿನಿಂದ ಹೋಗುವಾಗ ಲೆಕ್ಕ ಬೇರೆ. ರಾತ್ರಿ ಮಡಿಕೇರಿ ಬಿಟ್ಟ ಬಸ್ ಸ್ಯಾಟಲೈಟ್ ಮುಟ್ಟುವಾಗ ಮೆಟ್ರೋ ಇನ್ನೂ ಶುರುವಾಗಿರುವುದಿಲ್ಲ. ಆಟೋದಲ್ಲಿ ಮೆಜೆಸ್ಟಿಕ್‌ಗೆ ಹೋಗಿ ಕೆಐಎ 9 ಹಿಡಿದರೆ ಒಂಬತ್ತರ ನಂತರದ ವಿಮಾನಕ್ಕೆ ಆರಾಮ. ಕಾಚಂಪುಳಿ (ಅಡುಗೆಗೆ ಹಾಕುವ ನಮ್ಮ ಕಡೆಯ ಹುಳಿ ರಸ), ಜೇನು ಏನಿದ್ದರೂ ದೊಡ್ಡ ಬ್ಯಾಗಿಗೆ ಹಾಕಿ, ಕೈಬ್ಯಾಗಿನಲ್ಲಿಟ್ಟರೆ ತಪಾಸಣೆಯಲ್ಲಿ ತೆಗೆದಿಡುತ್ತಾರೆ. ಬೆಳಿಗ್ಗೆ ಆರಕ್ಕೆ ವಿಮಾನ ಇದ್ದರೆ ಹಿಂದಿನ ದಿನವೇ ಬೆಂಗಳೂರಿಗೆ ಬಂದು ಯಾರಾದರೂ ನೆಂಟರ ಮನೆಯಲ್ಲಿ ಮಲಗಿ.