ಆನ್‌ಲೈನ್‌ನಲ್ಲಿ ಹಳೆಯ ಸ್ಪೋರ್ಟ್ಸ್ ಕಾರು: ಕೇಳುವ ಬೆಲೆ, ಕೊಡಬಹುದಾದ ಬೆಲೆ

ಹಳೆಯ ಕಾರುಗಳನ್ನು ಮಾರುವ ಜಾಲತಾಣಗಳಲ್ಲಿ ಈಗ 'ಕ್ಲಾಸಿಕ್' ಎಂಬ ಪ್ರತ್ಯೇಕ ವಿಭಾಗವೇ ಕಾಣಿಸುತ್ತದೆ. ಅಂಥ ಒಂದು ತಾಣದ ಬೆಲೆ ಅಂದಾಜಿನ ಸೌಲಭ್ಯ, ಹಣ ಕೊಟ್ಟು ಪಡೆಯುವ ತಪಾಸಣಾ ವರದಿ ಮತ್ತು ಜಾಹೀರಾತುಗಳ ಗುಣಮಟ್ಟ, ಈ ಮೂರನ್ನೂ ಸ್ನೇಹಿತರೊಬ್ಬರಿಗಾಗಿ ಬೆಳಗಾವಿಯಲ್ಲಿ ಕುಳಿತು ಬಳಸಿ ನೋಡಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ನಮ್ಮ ಕಣ್ಣು ಬಿದ್ದದ್ದು ಎರಡು ಕಾರುಗಳ ಮೇಲೆ: ಕೊಲ್ಹಾಪುರದಲ್ಲಿದ್ದ ಒಂದು ಕಾಂಟೆಸ್ಸಾ, ಗೋವಾದಲ್ಲಿದ್ದ ಒಂದು ಸ್ಯಾನ್ ಸ್ಟಾರ್ಮ್. ಕಾಂಟೆಸ್ಸಾವನ್ನು ಸ್ಪೋರ್ಟ್ಸ್ ಕಾರು ಎನ್ನಬೇಕೇ ಎಂದು ತಕರಾರು ಮಾಡುವವರಿದ್ದಾರೆ. ನಾಲ್ಕು ಬಾಗಿಲಿನ ಉದ್ದನೆಯ ಆ ಗಾಡಿಯನ್ನು ನಮ್ಮ ಕಡೆಯ ಹವ್ಯಾಸಿಗಳು ಆ ಸಾಲಿನಲ್ಲೇ ಇಟ್ಟಿರುವುದರಿಂದ, ಮಾರುವವರೂ ಅದೇ ಹೆಸರಿನಲ್ಲಿ ಬೆಲೆ ಕೇಳುವುದರಿಂದ, ಆ ತಕರಾರನ್ನು ಇಲ್ಲಿ ಬದಿಗಿಡುತ್ತೇನೆ.

ಮೊದಲು ಬೆಲೆ ಅಂದಾಜಿನ ಸೌಲಭ್ಯದ ಮಾತು. ಐದಾರು ವರ್ಷ ಓಡಿದ ಸ್ವಿಫ್ಟ್‌ಗೋ ಐ20ಗೋ ಅದು ಹೇಳುವ ಬೆಲೆ ನಮ್ಮ ಪೇಟೆಯ ಬೆಲೆಗೆ ಹತ್ತಿರವೇ ಇರುತ್ತದೆ, ಏಕೆಂದರೆ ಅಂಥ ಕಾರುಗಳು ದಿನವೂ ಕೈ ಬದಲಾಗುತ್ತವೆ. ಕಾಂಟೆಸ್ಸಾಕ್ಕೆ ಬಂದಾಗ ಅದು ಮಾಡೆಲ್ ಪಟ್ಟಿಯಲ್ಲೇ ಸಿಗದೆ 'ಇತರೆ' ಒತ್ತಬೇಕಾಯಿತು, ಬಂದ ಉತ್ತರ ಗುಜರಿ ಬೆಲೆಗಿಂತ ಸ್ವಲ್ಪ ಮೇಲಿತ್ತು. ವರ್ಷ ಹೆಚ್ಚಾದಂತೆ ಬೆಲೆ ಇಳಿಸುತ್ತ ಹೋಗುವ ಲೆಕ್ಕಕ್ಕೆ ಈ ಕಾರುಗಳ ಗುಣ ಸಿಕ್ಕುವುದಿಲ್ಲ. ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್ ಕಾರಿನ ಅಚ್ಚಿನಲ್ಲಿ ಹಿಂದೂಸ್ತಾನ್ ಮೋಟರ್ಸ್ 1984ರಿಂದ 2002ರವರೆಗೆ ತಯಾರಿಸಿದ ಕಾಂಟೆಸ್ಸಾಕ್ಕೆ ಮೊದಮೊದಲು ಇದ್ದದ್ದು ಅಂಬಾಸಿಡರ್‌ನ 1489 ಸಿಸಿ ಎಂಜಿನ್; ಅಷ್ಟು ದೊಡ್ಡ ದೇಹಕ್ಕೆ ಅದು ಸಾಲದು. ಆಮೇಲೆ ಇಸುಜು ಕಂಪನಿಯ 1817 ಸಿಸಿ ಪೆಟ್ರೋಲ್ ಎಂಜಿನ್ ಬಂತು, ಡೀಸೆಲ್ ಮಾದರಿಯೂ ಬಂತು. ಹವ್ಯಾಸಿಗಳು ಕೇಳುವುದು ಇಸುಜು ಪೆಟ್ರೋಲನ್ನು. ಹೀಗಾಗಿ ಬೆಲೆಯ ನಿರ್ಣಯ ಇಸವಿಗಿಂತ ಮೊದಲು ಎಂಜಿನ್ನಿನಲ್ಲಿದೆ, ಆದರೆ ತಾಣದ ನಮೂನೆಯಲ್ಲಿ ಎಂಜಿನ್ ಯಾವುದೆಂದು ಕೇಳುವ ಅಂಕಣವೇ ಇಲ್ಲ.

ಅಂದಾಜು ಸಿಗದಾಗ ಜನ ಮಾಡುವುದೇನೆಂದರೆ ಅದೇ ವಿಭಾಗದ ಉಳಿದ ಜಾಹೀರಾತುಗಳನ್ನು ನೋಡಿ ಬೆಲೆ ಊಹಿಸುವುದು. ಅಲ್ಲಿರುವವೆಲ್ಲ ಕೇಳುವ ಬೆಲೆಗಳು. ವ್ಯವಹಾರ ಮುಗಿದದ್ದು ಎಷ್ಟಕ್ಕೆ ಎಂಬುದು ಎಲ್ಲೂ ದಾಖಲಾಗುವುದಿಲ್ಲ, ಮಾರಾಟವಾದ ಕೂಡಲೇ ಜಾಹೀರಾತನ್ನು ತೆಗೆದುಹಾಕುತ್ತಾರೆ. ಆದ್ದರಿಂದ ತಿಂಗಳುಗಟ್ಟಲೆ ಅಲ್ಲೇ ಉಳಿದಿರುವ ಜಾಹೀರಾತುಗಳ ಬೆಲೆಯನ್ನು, ಯಾರೂ ಒಪ್ಪದೆ ಬಿಟ್ಟ ಬೆಲೆ ಎಂದೇ ಓದಿಕೊಳ್ಳಬೇಕು. ಒಂದೇ ಕಾರು ಹೊಸ ಫೋಟೋಗಳೊಂದಿಗೆ, ಕಡಿಮೆ ಬೆಲೆಗೆ ಮತ್ತೆ ಏರಿದ್ದರೆ ಅದು ಬಹಳ ಉಪಯುಕ್ತ ಸುಳಿವು.

ತಪಾಸಣಾ ವರದಿಯಿಂದ ನನಗೆ ಹೆಚ್ಚಿನ ನಿರೀಕ್ಷೆಯಿತ್ತು. ಕೊಲ್ಹಾಪುರದ ಕಾಂಟೆಸ್ಸಾಕ್ಕೆ ಬಂದ ಪಿಡಿಎಫ್‌ನಲ್ಲಿ ಟೈರುಗಳ ಸವೆತ, ಎಸಿಯ ತಂಪು, ಬ್ಯಾಟರಿಯ ವೋಲ್ಟೇಜ್ ಎಲ್ಲವೂ ಅಚ್ಚುಕಟ್ಟಾಗಿ ಇದ್ದವು. 'ಬಾಡಿ' ಎಂಬಲ್ಲಿ ಹಸಿರು ಗುರುತು, 'ಪೇಂಟ್' ಎಂಬಲ್ಲಿ 'ಉತ್ತಮ'. ನಮ್ಮ ಜೊತೆಗೆ ಬಂದಿದ್ದ ಬೆಳಗಾವಿಯ ಮಿಸ್ತ್ರಿ ತೆಳುವಾದ ಬಟ್ಟೆಯಲ್ಲಿ ಸುತ್ತಿದ ಚಿಕ್ಕ ಆಯಸ್ಕಾಂತವನ್ನು ಹಿಂದಿನ ಚಕ್ರದ ಮೇಲಿನ ಕಮಾನಿನ ಉದ್ದಕ್ಕೂ ಸರಿಸುತ್ತ ಹೋದರು. ಮೇಲ್ಭಾಗದಲ್ಲಿ ಅದು ಗಟ್ಟಿಯಾಗಿ ಅಂಟಿಕೊಂಡಿತು, ಬಂಪರಿನ ಕಡೆಗೆ ಬರುತ್ತಿದ್ದಂತೆ ಸಡಿಲವಾಗಿ ಕೈಗೇ ಬಂದುಬಿಟ್ಟಿತು. "ಸರ, ಇಲ್ಲಿ ಪತ್ರಾನ ಇಲ್ರಿ, ಪೂರಾ ಪುಟ್ಟಿ ಐತಿ" ಎಂದರು. ಅಂದರೆ ಅಲ್ಲಿ ಆಯಸ್ಕಾಂತ ಹಿಡಿಯುವ ತಗಡಿಲ್ಲ, ಬಣ್ಣದ ಅಡಿಯಲ್ಲಿ ಮೆತ್ತಿದ ಲೇಪ ಮಾತ್ರ. ಬಾಗಿಲಿನ ಕೆಳಗಿನ ಸಿಲ್‌ನಲ್ಲಿ ನೀರು ಹೊರಹೋಗುವ ರಂಧ್ರಗಳನ್ನೂ ಹೊಸ ಬಣ್ಣ ಮುಚ್ಚಿಹಾಕಿತ್ತು. ಅಂದರೆ ಮುಂದಿನ ಮಳೆಗಾಲದ ನೀರು ಒಳಗೇ ನಿಲ್ಲುತ್ತದೆ. ವರದಿ ತಯಾರಿಸಿದವರ ಪ್ರಾಮಾಣಿಕತೆಯ ಬಗ್ಗೆ ನನಗೆ ಸಂಶಯವಿಲ್ಲ. ಅವರ ಪಟ್ಟಿ ಇರುವುದೇ ಇತ್ತೀಚಿನ ಕಾರುಗಳಿಗೆ, ಅದರಲ್ಲಿ ಪುಟ್ಟಿಯ ಪ್ರಶ್ನೆಯೂ ಇಲ್ಲ, ವಿಂಡ್‌ಶೀಲ್ಡ್ ಸುತ್ತಲಿನ ಬೀಡಿಂಗ್‌ನಂಥ (ಅಂಚಿನ ಪಟ್ಟಿಯಂಥ) ಬಿಡಿಭಾಗಗಳು ಮೂಲದವೇ ಎಂಬ ಪ್ರಶ್ನೆಯೂ ಇಲ್ಲ.

ಮೂಲದ ಬಿಡಿಭಾಗಗಳ ಈ ಎರಡನೆಯ ಪ್ರಶ್ನೆಯೇ ಬೆಲೆಯ ತಿರುಳು ಎಂಬುದು ನನ್ನ ಅಭಿಪ್ರಾಯ. ಖರೀದಿಸುವವರು ಎಂಜಿನ್ನಿಗೆ ಹೆದರುತ್ತಾರೆ, ಬಾಹ್ಯ ಅಂದಕ್ಕೆ ಮರುಳಾಗುತ್ತಾರೆ. ಬೆಳಗಾವಿಯಂಥ ಊರಿನಲ್ಲಿ ಲೆಕ್ಕ ತಿರುಗುಮುರುಗಾಗಬೇಕು. ಇಲ್ಲಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಲೇಥ್ ಅಂಗಡಿಗಳಿಗೆ ಬೋರ್ ಮಾಡುವುದು, ಕ್ರ್ಯಾಂಕ್ ಗ್ರೈಂಡ್ ಮಾಡುವುದು, ತುಂಡಾದ ಬ್ರ್ಯಾಕೆಟ್ಟನ್ನು ನೋಡಿ ಹೊಸದು ತಯಾರಿಸುವುದು ನಿತ್ಯದ ಕೆಲಸ; ಎರಕದ ಕಾರ್ಖಾನೆಗಳೂ ಪಕ್ಕದಲ್ಲೇ ಇವೆ. ಹೊಗೆ ಬಿಡುವ ಇಸುಜು ಎಂಜಿನ್ನನ್ನು ಇಲ್ಲಿ ಸರಿಮಾಡಿಸಬಹುದು. ಆದರೆ ಒಡೆದ ಟೇಲ್ ಲೈಟ್ ಗಾಜು, ಕಳೆದುಹೋದ ಕ್ರೋಮ್ ಪಟ್ಟಿ, ಬಿಸಿಲಿಗೆ ಸೀಳಿದ ಡ್ಯಾಶ್‌ಬೋರ್ಡ್ ಇವನ್ನು ಯಾವ ಲೇಥ್‌ನಿಂದಲೂ ಹುಟ್ಟಿಸಲಾಗದು. ಎಲ್ಲೋ ಇನ್ನೊಂದು ಕಾಂಟೆಸ್ಸಾ ಗುಜರಿಗೆ ಹೋಗುವವರೆಗೆ ಕಾಯಬೇಕು. ಮಸುಕಾದ ಬಣ್ಣದ, ಸ್ಟಾರ್ಟ್ ಆಗದ, ಆದರೆ ಬಿಡಿಭಾಗಗಳೆಲ್ಲ ಇರುವ ಕಾರಿಗೆ ನಾನು ಹೊಳೆಯುವ ಕಾರಿಗಿಂತ ಹೆಚ್ಚು ಕೊಡಲು ಸಿದ್ಧ.

ಸ್ಯಾನ್ ಸ್ಟಾರ್ಮ್‌ನಲ್ಲಿ ಈ ಲೆಕ್ಕ ಅರ್ಧ ಮಾತ್ರ ನಡೆಯುತ್ತದೆ. ಗೋವಾದಲ್ಲೇ ತಯಾರಾಗಿ 1998ರಲ್ಲಿ ಪೇಟೆಗೆ ಬಂದ, ಇಬ್ಬರೇ ಕೂರಬಹುದಾದ ಈ ಪುಟ್ಟ ಗಾಡಿಯ ದೇಹ ಫೈಬರ್‌ಗ್ಲಾಸಿನದು. ಜಾಹೀರಾತಿನಲ್ಲಿ 'ತುಕ್ಕಿಲ್ಲ' ಎಂದು ದೊಡ್ಡದಾಗಿ ಬರೆದಿದ್ದರು. ಫೈಬರ್‌ಗೆ ತುಕ್ಕು ಹಿಡಿಯುವುದಾದರೂ ಹೇಗೆ? ನೋಡಬೇಕಾದದ್ದು ಸಸ್ಪೆನ್ಷನ್ ಕೂತಿರುವ ಉಕ್ಕಿನ ಭಾಗಗಳನ್ನು, ಅದರಲ್ಲೂ ಕಡಲ ಗಾಳಿಯಲ್ಲಿ ಬೆಳೆದ ಕಾರಿನಲ್ಲಿ. ಬಾಗಿಲಿನ ಹಿಂಜ್ ಸುತ್ತ ಕೂದಲೆಳೆಯಂಥ ಬಿರುಕುಗಳು ನಕ್ಷತ್ರದಾಕಾರದಲ್ಲಿ ಹರಡಿದ್ದರೆ ಅಲ್ಲಿ ಒತ್ತಡವೋ ಹಳೆಯ ಪೆಟ್ಟೋ ಇದೆಯೆಂದು ತಿಳಿಯಬೇಕು. ಎಂಜಿನ್ ರೆನೋ ಕಂಪನಿಯ 1149 ಸಿಸಿಯದು. ಯುರೋಪಿನಲ್ಲಿ ಕ್ಲಿಯೋ ಮತ್ತು ಟ್ವಿಂಗೋ ಕಾರುಗಳಲ್ಲಿ ಓಡಿದ್ದು. ಆದಕಾರಣ ಟೈಮಿಂಗ್ ಬೆಲ್ಟಿನಂಥ ವಸ್ತುಗಳಿಗೆ ಹೊರದೇಶದ ಕಡೆ ನೋಡಬೇಕಾದೀತು, ಬೆಲ್ಟ್ ಯಾವಾಗ ಬದಲಾಗಿದೆ ಎಂಬುದಕ್ಕೆ ರಸೀದಿ ಇಲ್ಲದಿದ್ದರೆ ಬದಲಾಗಿಲ್ಲ ಎಂದೇ ಲೆಕ್ಕ ಹಾಕಬೇಕು. ಅಪರೂಪದ ಕಾರೆಂಬುದು ನಿಜ. ಆದರೆ ಅಪರೂಪದ ವಸ್ತುವಿಗೆ ಕೊಳ್ಳುವವರೂ ಅಪರೂಪವೇ ಎಂಬುದನ್ನು ಮಾರುವವರು ಬೆಲೆ ಇಡುವಾಗ ಮರೆಯುತ್ತಾರೆ.

ಕಾಗದಪತ್ರಗಳ ವಿಷಯದಲ್ಲಿ ತಾಣದ ಸೇವೆ ಏನೇನೂ ಸಾಲದು. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಇಂಧನ, ನೋಂದಣಿಯ ಅವಧಿ, ಸಾಲದ ನಮೂದು ಎಲ್ಲ ಸಿಗುತ್ತವೆ. ವಿಜಯಪುರದ ಇನ್ನೊಂದು ಕಾಂಟೆಸ್ಸಾವನ್ನು 'ಪೆಟ್ರೋಲ್ 1.8' ಎಂದು ಮಾರುತ್ತಿದ್ದರು, ದಾಖಲೆಯಲ್ಲಿ ಇಂಧನ ಡೀಸೆಲ್ ಎಂದಿತ್ತು. ಎಂಜಿನ್ ಬದಲಿಸಿ ಆರ್‌ಸಿಯಲ್ಲಿ ನಮೂದಿಸದ ಕಾರು ಎಷ್ಟೇ ಅಗ್ಗವಾದರೂ ಬೇಡ. ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಅಲ್ಲಿಂದಾಚೆ ಐದೈದು ವರ್ಷಕ್ಕೆ ನವೀಕರಣ. 20 ವರ್ಷ ದಾಟಿದ ಕಾರಿಗೆ ಆ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಿದ್ದಾರೆ. ಎಂಎಚ್ ಅಥವಾ ಜಿಎ ನಂಬರಿನ ಕಾರನ್ನು ಬೆಳಗಾವಿಯ ಕೆಎ-22 ಮಾಡಿಸಲು ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಇಲ್ಲಿ ತೆರಿಗೆ ಕಟ್ಟಬೇಕು. 2021ರ ವಿಂಟೇಜ್ ನಿಯಮದ ರಿಯಾಯಿತಿಯನ್ನು ಹೆಸರಿಸುವ ಜಾಹೀರಾತುಗಳೂ ಇವೆ. ಅದು 50 ವರ್ಷ ಮೀರಿದ ವಾಹನಗಳಿಗೆ ಮಾತ್ರ, ಈ ಯಾವ ಕಾರಿಗೂ ಅನ್ವಯಿಸುವುದಿಲ್ಲ.

ಕೊಲ್ಹಾಪುರದವರು 8 ಲಕ್ಷ ಕೇಳಿದ್ದರು. ಪತ್ರಾ ಕೆಲಸ ಮತ್ತು ಬಣ್ಣಕ್ಕೆ ನಮ್ಮ ಮಿಸ್ತ್ರಿ ಹೇಳಿದ 2 ಲಕ್ಷ, ಇಲ್ಲದ ಬಿಡಿಭಾಗಗಳಿಗೆ 80 ಸಾವಿರ, ಎಂಜಿನ್ ಮತ್ತು ಕಾಗದಪತ್ರಗಳಿಗೆ 1 ಲಕ್ಷ ಕಳೆದು, ಹುಡುಕಾಟದ ತಾಪತ್ರಯಕ್ಕೆಂದು ಇನ್ನಷ್ಟು ಇಳಿಸಿ, 4 ಲಕ್ಷ ಹೇಳಿದೆವು. ಮಾಲೀಕರು ತಾಣದ ಹಸಿರು ಗುರುತುಗಳ ವರದಿಯನ್ನೇ ಮುಂದಿಟ್ಟು ಒಪ್ಪಲಿಲ್ಲ. ಸೇವೆಗೆ ಐದರಲ್ಲಿ ಎರಡು ಅಂಕ ಕೊಡುತ್ತೇನೆ: ಒಂದು, ಎಲ್ಲೆಲ್ಲೋ ಇರುವ ಕಾರುಗಳನ್ನು ಒಂದೆಡೆ ತೋರಿಸಿದ್ದಕ್ಕೆ; ಇನ್ನೊಂದು, ಮಾಲೀಕರ ಜೊತೆ ನೇರ ಮಾತಿಗೆ ದಲ್ಲಾಳಿಯನ್ನು ನಡುವೆ ತರದಿದ್ದಕ್ಕೆ. ತಪಾಸಣಾ ವರದಿಗೆ ಕೊಡುವ ಹಣವನ್ನು ಮಿಸ್ತ್ರಿಯ ಒಂದು ದಿನದ ಕೂಲಿ, ಪೆಟ್ರೋಲ್ ಮತ್ತು ಊಟಕ್ಕೆ ಇಡುವುದು ಲೇಸು. ಆ ಕಾಂಟೆಸ್ಸಾ ಈಗ 6 ಲಕ್ಷಕ್ಕೆ ಬಂದಿದೆ.